ನೋಟ್ಸ್ ಕಿವಿಗೆ ತಲುಪುವವರೆಗೆ: ಕಾಲೇಜು ವಿದ್ಯಾರ್ಥಿಗಳಿಗೆ ಸಹಾಯಕ ತಂತ್ರಜ್ಞಾನದ ಸಮಗ್ರ ಮಾರ್ಗದರ್ಶಿ

ನಾನು ಧಾರವಾಡದ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಸವಣೂರಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ನನ್ನ ತರಗತಿಗೆ ಬಂದಳು. ಹುಟ್ಟಿನಿಂದಲೇ ಕಣ್ಣು ಕಾಣದು. ಮೊದಲ ವಾರವೇ ಬೇಡಿಕೆಯ ನಿಯಮದ ನೋಟ್ಸನ್ನು ಅವಳ ವಾಟ್ಸ್‌ಆ್ಯಪ್‌ಗೆ ಕಳಿಸಿ, ನನ್ನ ಪಾಲಿನ ಕೆಲಸ ಮುಗಿಯಿತೆಂದು ನೆಮ್ಮದಿಯಾಗಿದ್ದೆ. ಮರುದಿನ ಅವಳು ಸ್ಟಾಫ್ ರೂಮಿಗೆ ಲ್ಯಾಪ್‌ಟಾಪ್ ತಂದು, "ಸರ್, ನಿಮ್ಮ ನೋಟ್ಸನ್ನು ನೀವೇ ಒಮ್ಮೆ ಕೇಳಿ" ಎಂದಳು. ಮೊದಲ ಸಾಲಿನಲ್ಲಿ 'ಕನ್ನಡ ಮಾಧ್ಯಮ' ಎಂದಿತ್ತು. ಅವಳು ಬಾಣದ ಕೀಲಿ ಒತ್ತುತ್ತ ಒಂದೊಂದೇ ಅಕ್ಷರ ಓದಿಸಿದಳು. ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶ, 'ಪಿ' ಎಂದಿತು, 'ಎ' ಎಂದಿತು, ಆಮೇಲೆ 'ಪೌಂಡ್' ಎಂದಿತು, ಮತ್ತೆ 'ಎ'. ಹನ್ನೆರಡು ಪುಟವೂ ಹೀಗೇ. ಪಕ್ಕದ ಕುರ್ಚಿಯ ಇತಿಹಾಸದ ಮೇಷ್ಟ್ರು ನಕ್ಕರು. ಅವರ ನೋಟ್ಸೂ ಹಾಗೇ ಇದೆಯೆಂದು ಅವಳು ಹೇಳಿದ ಮೇಲೆ ಸುಮ್ಮನಾದರು.

ನಾನು ಟೈಪ್ ಮಾಡಿದ್ದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರದಲ್ಲಿ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಅದು ಒಳಗೆ ರೋಮನ್ ಚಿಹ್ನೆಗಳ ಕಂತೆ. ಆವತ್ತು ಅರ್ಥವಾದದ್ದು ಇಷ್ಟು: ಓದುವ ಯಂತ್ರ ಈಗ ಎಲ್ಲರ ಜೇಬಿನಲ್ಲಿದೆ, ಆದರೆ ಅದು ಓದಬಲ್ಲ ಪಠ್ಯವನ್ನು ನಾವು ಕೊಡುತ್ತಿಲ್ಲ. ಸಹಾಯಕ ತಂತ್ರಜ್ಞಾನ ಎಂದ ಕೂಡಲೇ ಆ್ಯಪ್‌ಗಳ ಪಟ್ಟಿ ಕೊಡುವುದು ರೂಢಿ. ನಾನು ನೋಟ್ಸಿನಿಂದ ಶುರುಮಾಡುತ್ತೇನೆ.

ಇನ್ನೊಂದು ಮಾತು. ಗದಗಿನ ವೀರೇಶ್ವರ ಪುಣ್ಯಾಶ್ರಮದಿಂದಾಗಿ ನಮ್ಮ ಭಾಗದಲ್ಲಿ ಅಂಧರ ವಿದ್ಯೆಗೆ ದೊಡ್ಡ ಗೌರವವಿದೆ. ಅದರ ಜೊತೆಗೆ, ಕಣ್ಣಿಲ್ಲದ ಮಗುವಿಗೆ ಹಾರ್ಮೋನಿಯಂ ಕೊಟ್ಟರಾಯಿತು ಎಂಬ ಸೋಮಾರಿತನವೂ ಬೆಳೆದಿದೆ. ಆ ಆಶ್ರಮದ ಪುಟ್ಟರಾಜ ಗವಾಯಿಗಳೇ ಬ್ರೈಲ್ ಬಲ್ಲವರು, ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥ ರಚಿಸಿದವರು ಎಂಬುದನ್ನು ಜನ ಮರೆಯುತ್ತಾರೆ. ನನ್ನ ವಿದ್ಯಾರ್ಥಿನಿಗೆ ಹಾಡಲು ಬರುವುದಿಲ್ಲ. ಅವಳಿಗೆ ಬೇಕಾದದ್ದು ಬ್ಯಾಂಕ್ ಕೆಲಸ.

ಮೊದಲು ಫೈಲಿನ ಜಾತಿ ಗುರುತಿಸಿ

ಕೈಗೆ ಬಂದ ನೋಟ್ಸ್ ಮೂರರಲ್ಲಿ ಒಂದು ಬಗೆಯದಾಗಿರುತ್ತದೆ: ಯೂನಿಕೋಡ್ ಕನ್ನಡ (ಯಂತ್ರವೂ ಕನ್ನಡವೆಂದೇ ಗುರುತಿಸುವ ಅಕ್ಷರ), ನುಡಿ ಅಥವಾ ಅಂಥದ್ದೇ 'ಬರಹ' ತಂತ್ರಾಂಶದ ಹಳೆಯ ಅಕ್ಷರ, ಇಲ್ಲವೇ ಬರೀ ಫೋಟೊ. ಪತ್ತೆ ಹಚ್ಚಲು ಅರ್ಧ ನಿಮಿಷ ಸಾಕು. ಫೈಲನ್ನು ತೆರೆದು ಒಂದು ಸಾಲಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಅಕ್ಷರಗಳು ಆಯ್ಕೆಯೇ ಆಗದಿದ್ದರೆ ಅದು ಫೋಟೊ. ಆಯ್ಕೆಯಾದರೆ ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಚಿತ್ರವಿಚಿತ್ರ ರೋಮನ್ ಅಕ್ಷರವಾದರೆ ಹಳೆಯ ನುಡಿ.

ಕನ್ನಡದ ಪಿಡಿಎಫ್‌ಗೆ ಒಂದು ಕೆಟ್ಟ ಗುಣವಿದೆ. ಯೂನಿಕೋಡಿನಲ್ಲೇ ಟೈಪ್ ಮಾಡಿದ್ದರೂ ಪಿಡಿಎಫ್ ಆದ ಮೇಲೆ ಒತ್ತಕ್ಷರಗಳು ಜಾಗ ತಪ್ಪುವುದುಂಟು. ಕಣ್ಣಿಗೆ ಸರಿ, ಕಿವಿಗೆ ತೊದಲು. ಆದ್ದರಿಂದ ಮೇಷ್ಟ್ರ ಹತ್ತಿರ ಪಿಡಿಎಫ್ ಕೇಳಬೇಡಿ, ಅದು ಹುಟ್ಟಿದ ವರ್ಡ್ ಫೈಲನ್ನೇ ಕೇಳಿ. ಸೆಮಿಸ್ಟರಿನ ಮೊದಲ ವಾರ ಎಲ್ಲ ಅಧ್ಯಾಪಕರಿಗೂ ಇಂಥದ್ದೊಂದು ಸಂದೇಶ ಕಳಿಸಿಬಿಡಿ:

"ಸರ್/ಮೇಡಂ, ನಾನು ನೋಟ್ಸನ್ನು ಸ್ಕ್ರೀನ್ ರೀಡರ್‌ನಲ್ಲಿ ಕೇಳಿ ಓದುತ್ತೇನೆ. ದಯವಿಟ್ಟು ಪಿಡಿಎಫ್ ಬದಲು ವರ್ಡ್ ಫೈಲ್ ಕಳಿಸಿ. ನುಡಿಯಲ್ಲಿ ಟೈಪ್ ಮಾಡಿದ್ದರೂ ಪರವಾಗಿಲ್ಲ, ನಾನು ಪರಿವರ್ತಿಸಿಕೊಳ್ಳುತ್ತೇನೆ. ಬೋರ್ಡಿನ ಮೇಲೆ ಬರೆಯುವಾಗ ಬಾಯಲ್ಲೂ ಹೇಳಿದರೆ ಉಪಕಾರವಾಗುತ್ತದೆ."

ಕೊನೆಯ ವಾಕ್ಯವನ್ನು ಬಿಡಬೇಡಿ. 'ಇದಕ್ಕೆ ಇದನ್ನು ಕೂಡಿಸಿದರೆ ಇದು ಬರುತ್ತದೆ' ಎಂದು ಬೋರ್ಡಿಗೆ ಬೆರಳು ತೋರಿಸುತ್ತ ಪಾಠ ಮಾಡುವ ಚಟ ನನಗೂ ಇತ್ತು.

ನುಡಿಯನ್ನು ಯೂನಿಕೋಡ್ ಮಾಡುವುದು

ನುಡಿ, ಬರಹ ಎರಡೂ ತಂತ್ರಾಂಶಗಳಲ್ಲಿ ಪರಿವರ್ತಕವಿದೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಪರಿವರ್ತಕಗಳೂ ಇವೆ. ಹಳೆಯ ಪಠ್ಯವನ್ನು ಒಂದು ಪೆಟ್ಟಿಗೆಗೆ ಅಂಟಿಸಿ ಗುಂಡಿ ಒತ್ತಿದರೆ ಇನ್ನೊಂದರಲ್ಲಿ ಯೂನಿಕೋಡ್ ಬರುತ್ತದೆ. ಹೇಳಲು ಇಷ್ಟೇ, ಎಡವುವುದು ಆಮೇಲೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ನಡುವೆ ಬರುವ ಇಂಗ್ಲಿಷ್ ಪದಗಳದು. ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ನುಡಿಯ ವೇಷದ ಕನ್ನಡ ಎಂದು ಗೊತ್ತಾಗುವುದಿಲ್ಲ. ಅರ್ಥಶಾಸ್ತ್ರದ ನೋಟ್ಸಿನಲ್ಲಿ ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೇ ಬರೆದಿರುತ್ತೇವೆ. ಅವೆಲ್ಲ ಯಾವ ಭಾಷೆಗೂ ಸೇರದ ಕನ್ನಡ ಅಕ್ಷರಗಳಾಗಿ ಹೊರಬರುತ್ತವೆ. ನಾನು ಈಗ ಮಾಡುವುದು ಹೀಗೆ: ಪರಿವರ್ತಿಸುವ ಮುಂಚೆ ವರ್ಡ್‌ನಲ್ಲಿ ಇಂಗ್ಲಿಷ್ ಪದಗಳ ಜಾಗದಲ್ಲಿ 101, 102 ಎಂದು ಅಂಕಿ ಹಾಕಿ, ಯಾವ ಅಂಕಿಗೆ ಯಾವ ಪದ ಎಂದು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಪರಿವರ್ತನೆ ಮುಗಿದ ಮೇಲೆ ಆ ಪದಗಳನ್ನು ಮರಳಿ ತುಂಬುತ್ತೇನೆ. ಬೇಸರದ ಕೆಲಸ. ಆದರೆ ಒಂದು ಪತ್ರಿಕೆಯ ನೋಟ್ಸಿಗೆ ಒಮ್ಮೆ ಮಾಡಿದರೆ ಮುಂದಿನ ವರ್ಷಗಳಿಗೂ ಆಯಿತು.

ಆಮೇಲೆ ಅನುಸ್ವಾರ. ಟೈಪ್ ಮಾಡುವವರು ಅನುಸ್ವಾರದ ಸೊನ್ನೆಯ ಬದಲು ಕನ್ನಡದ ಅಂಕಿಯ ಸೊನ್ನೆಯನ್ನು ಹಾಕಿರುತ್ತಾರೆ. 'ಅ೦ಗಡಿ' ಎಂದು ಇಲ್ಲಿ ಬರೆದದ್ದರಲ್ಲಿ ಎರಡನೆಯದು ಅಂಕಿ. ನಿಮ್ಮ ಕಣ್ಣಿಗೆ ಬಹುಶಃ ಗೊತ್ತಾಗಲಿಲ್ಲ. ಸ್ಕ್ರೀನ್ ರೀಡರ್‌ಗೆ ಗೊತ್ತಾಗುತ್ತದೆ, ಅದು ಪದವನ್ನು ತುಂಡರಿಸಿ ನಡುವೆ ಸೊನ್ನೆ ಎಂದು ಓದುತ್ತದೆ. ವರ್ಡ್‌ನಲ್ಲಿ ಹುಡುಕಿ ಬದಲಿಸುವ ಸೌಲಭ್ಯ ಬಳಸಿ ಎಲ್ಲವನ್ನೂ ಒಟ್ಟಿಗೆ ತಿದ್ದಬಹುದು. ಕನ್ನಡ ಅಂಕಿಗಳನ್ನು ಬಳಸಿದ ಕೋಷ್ಟಕಗಳಿದ್ದರೆ ಮಾತ್ರ ಎಚ್ಚರ, ಅಲ್ಲಿನ ಹತ್ತು, ಇಪ್ಪತ್ತುಗಳ ಸೊನ್ನೆಯೂ ಅನುಸ್ವಾರವಾಗಿಬಿಡುತ್ತದೆ.

ಝೆರಾಕ್ಸ್ ಹಾಳೆಯಿಂದ ಪಠ್ಯ ತೆಗೆಯುವುದು

ಸಪ್ತಾಪುರದ ಝೆರಾಕ್ಸ್ ಅಂಗಡಿಗಳಲ್ಲಿ ಸಿಗುವ ನೋಟ್ಸ್ ಎಷ್ಟನೆಯ ತಲೆಮಾರಿನ ಪ್ರತಿ ಎಂದು ಅಂಗಡಿಯವರಿಗೇ ಗೊತ್ತಿರುವುದಿಲ್ಲ. ಅದನ್ನು ಪಠ್ಯವಾಗಿಸಲು ನಾನು ನೆಚ್ಚಿಕೊಂಡಿರುವುದು ಗೂಗಲ್ ಡ್ರೈವ್.

1. ಹಾಳೆಯನ್ನು ಕಿಟಕಿಯ ಬೆಳಕಿನಲ್ಲಿ ಚಪ್ಪಟೆಯಾಗಿಟ್ಟು, ನಿಮ್ಮ ನೆರಳು ಬೀಳದಂತೆ ಫೋಟೊ ತೆಗೆಯಿರಿ. ದಪ್ಪ ಪುಸ್ತಕವಾದರೆ ನಡುವಿನ ಬಾಗಿನಲ್ಲಿ ಸಾಲು ವಕ್ರವಾಗುತ್ತದೆ. ಒಂದೊಂದೇ ಪುಟ ಒತ್ತಿ ಹಿಡಿದು ತೆಗೆಯಬೇಕು.
2. ಡ್ರೈವ್‌ಗೆ ಏರಿಸಿ. ಒಂದೊಂದು ಫೈಲ್ 2 ಎಂಬಿ ಒಳಗಿರಲಿ.
3. ಕಂಪ್ಯೂಟರಿನ ಬ್ರೌಸರಿನಲ್ಲಿ ಡ್ರೈವ್ ತೆರೆದು, ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಮೊಬೈಲ್ ಆ್ಯಪ್‌ನಲ್ಲಿ ಹುಡುಕುತ್ತ ಕೂರಬೇಡಿ.
4. ಫೋಟೊದ ಕೆಳಗೆ ಪಠ್ಯ ಬಂದಿರುತ್ತದೆ. ಫೋಟೊ ಅಳಿಸಿ, ಪಠ್ಯ ತಿದ್ದಿ.

ನಾಲ್ಕನೆಯ ಹೆಜ್ಜೆಗೆ ಕಣ್ಣಿರುವ ಗೆಳೆಯರು ಬೇಕು. ದ ಮತ್ತು ಧ, ಪ ಮತ್ತು ಷ, ಒತ್ತು ಸಣ್ಣದಾಗಿ ಮುದ್ರಣವಾದ ಕಡೆಯೆಲ್ಲ ಯಂತ್ರ ತಪ್ಪುತ್ತದೆ. ಅಂಕಿಗಳನ್ನಂತೂ ಮೂಲದೊಂದಿಗೆ ಹೋಲಿಸದೆ ಬಿಡಬೇಡಿ, ಅಕ್ಷರ ತಪ್ಪಿದರೆ ಊಹಿಸಬಹುದು, ಶೇಕಡಾವಾರು ತಪ್ಪಿದರೆ ಊಹಿಸಲಾಗದು. ನಮ್ಮಲ್ಲಿ ಎನ್‌ಎಸ್‌ಎಸ್ ಮಕ್ಕಳು ವಾರಕ್ಕೆ ಇಬ್ಬರಂತೆ ಈ ಕೆಲಸ ಹಂಚಿಕೊಂಡಿದ್ದಾರೆ. ತಿದ್ದಿದವರಿಗೇ ಪಾಠ ಚೆನ್ನಾಗಿ ತಲೆಗೆ ಹೋಗಿದೆ, ಅದು ನಾನು ಎಣಿಸದ ಲಾಭ. ಕೈಬರಹದ ನೋಟ್ಸಿಗೆ ಈ ದಾರಿ ಹಿಡಿಯಬೇಡಿ, ಯಾರಾದರೂ ಓದಿ ಧ್ವನಿಮುದ್ರಿಸಿ ಕೊಡುವುದೇ ಬೇಗ.

ಪುಸ್ತಕ ಸ್ಕ್ಯಾನ್ ಮಾಡುವುದು ಕಳ್ಳತನವಲ್ಲವೇ ಎಂದು ಗ್ರಂಥಪಾಲಕರು ಕೇಳುತ್ತಾರೆ. ಅಲ್ಲ. ಮುದ್ರಿತ ಪುಸ್ತಕ ಓದಲಾಗದ ವಿಕಲಚೇತನರಿಗಾಗಿ ಓದಬಲ್ಲ ರೂಪಕ್ಕೆ ಬದಲಿಸಲು ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಮಾಡಿದ ತಿದ್ದುಪಡಿ ಅವಕಾಶ ಕೊಟ್ಟಿದೆ. ಆ ಪ್ರತಿಯನ್ನು ಇಡೀ ತರಗತಿಗೆ ಹಂಚಬಾರದು, ಅಷ್ಟೇ.

ಫೋನಿಗೆ ಕನ್ನಡದ ಧ್ವನಿ

ಮೊದಲು ಧ್ವನಿಯನ್ನು ಇಳಿಸಿಕೊಳ್ಳಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬುದನ್ನು ಹುಡುಕಿ. ಕನ್ನಡ ಮೆನು ಇಟ್ಟುಕೊಂಡವರಿಗೆ ಅದು 'ಪ್ರವೇಶಿಸುವಿಕೆ' ಎಂದು ಕಾಣುತ್ತದೆ, ಯಾವ ಕಾಲೇಜಿನ ಪ್ರವೇಶವೋ ಎನ್ನುವ ಹಾಗೆ. ಅದರೊಳಗಿನ ಟೆಕ್ಸ್ಟ್ ಟು ಸ್ಪೀಚ್ ವಿಭಾಗದಲ್ಲಿ ಗೂಗಲ್‌ನ ಧ್ವನಿಯನ್ನು ಆರಿಸಿ, ಕನ್ನಡದ ಧ್ವನಿ ದತ್ತಾಂಶವನ್ನು ಕಾಲೇಜಿನ ವೈಫೈ ಇರುವಾಗಲೇ ಇಳಿಸಿ. ಆಮೇಲೆ ಇಂಟರ್‌ನೆಟ್ ಇಲ್ಲದೆಯೂ ಅದು ಓದುತ್ತದೆ.

ಸ್ವಲ್ಪವೂ ಕಾಣದವರಿಗೆ ಟಾಕ್‌ಬ್ಯಾಕ್, ಅಂದರೆ ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್, ಬೇಕು. ಅದನ್ನು ಆನ್ ಮಾಡಿದ ಕ್ಷಣದಿಂದ ಫೋನಿನ ವ್ಯಾಕರಣವೇ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಬಾರಿ ತಟ್ಟಿದರೆ ತೆರೆಯುತ್ತದೆ. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು. ಪುಟ ಸರಿಸಲು ಎರಡು ಬೆರಳು. ಇದನ್ನು ತಿಳಿಯದೆ ಆನ್ ಮಾಡಿದವರು ಫೋನು ಕೆಟ್ಟಿತೆಂದು ಅಂಗಡಿಗೆ ಓಡುತ್ತಾರೆ. ಅದಕ್ಕೇ ಮೊದಲು ಶಾರ್ಟ್‌ಕಟ್ ಹೊಂದಿಸಿ: ಧ್ವನಿ ಏರಿಸುವ, ಇಳಿಸುವ ಎರಡೂ ಗುಂಡಿಗಳನ್ನು ಒಟ್ಟಿಗೆ 3 ಸೆಕೆಂಡು ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಆನ್, ಮತ್ತೆ ಹಿಡಿದರೆ ಆಫ್.

ಅಲ್ಪಸ್ವಲ್ಪ ಕಾಣುವವರಿಗೆ, ಕಲಿಕಾ ತೊಂದರೆಯಿಂದ ಅಕ್ಷರಗಳು ಕಲಸಿಹೋಗುವವರಿಗೆ ಅಷ್ಟೆಲ್ಲ ಬೇಡ. 'ಸೆಲೆಕ್ಟ್ ಟು ಸ್ಪೀಕ್' ಆನ್ ಮಾಡಿದರೆ, ಬೇಕಾದ ಪ್ಯಾರಾ ಮುಟ್ಟಿದಾಗ ಮಾತ್ರ ಓದುತ್ತದೆ. ಕಣ್ಣು ಮತ್ತು ಕಿವಿ ಒಟ್ಟಿಗೆ ಸಾಲಿನ ಮೇಲೆ ಹೋದರೆ ಓದು ಹಿಡಿತಕ್ಕೆ ಬರುತ್ತದೆ ಎಂದು ನನ್ನ ಇಬ್ಬರು ವಿದ್ಯಾರ್ಥಿಗಳು ಹೇಳಿದ್ದಾರೆ. ಓದಿನ ವೇಗವನ್ನು ಮೊದಲ ವಾರ ನಿಧಾನಕ್ಕಿಟ್ಟು ವಾರವಾರ ಸ್ವಲ್ಪ ಏರಿಸಿ. ಸವಣೂರಿನ ಹುಡುಗಿ ಈಗ ಕೇಳುವ ವೇಗದಲ್ಲಿ ನನಗೆ ಒಂದು ಪದವೂ ತಿಳಿಯುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ

ದುಬಾರಿ ಸ್ಕ್ರೀನ್ ರೀಡರ್ ಕೊಳ್ಳಲು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ವಿಂಡೋಸ್‌ಗೆ ಎನ್‌ವಿಡಿಎ ಉಚಿತ. 2006ರಲ್ಲಿ ಇದನ್ನು ಶುರುಮಾಡಿದ ಆಸ್ಟ್ರೇಲಿಯಾದ ಮೈಕೇಲ್ ಕರನ್ ಸ್ವತಃ ದೃಷ್ಟಿಯಿಲ್ಲದವರು. ಇದರ ಜೊತೆಗೇ ಬರುವ ಈಸ್ಪೀಕ್ ಧ್ವನಿಗೆ ಕನ್ನಡ ಗೊತ್ತು. ಧ್ವನಿ ಚೆನ್ನಾಗಿಲ್ಲ, ಡಬ್ಬಿಯೊಳಗೆ ಕುಳಿತು ಮಾತಾಡಿದಂತಿದೆ. ಒಂದು ವಾರ ತಾಳಿಕೊಂಡರೆ ಕಿವಿ ಹೊಂದಿಕೊಳ್ಳುತ್ತದೆ.

ಕಲಿಯಬೇಕಾದ ಕೀಲಿಗಳು ಬಹಳವಿಲ್ಲ. ಕಂಟ್ರೋಲ್ ಮತ್ತು ಆಲ್ಟ್ ಜೊತೆ ಎನ್ ಒತ್ತಿದರೆ ಶುರುವಾಗುತ್ತದೆ. ಮಾತು ನಿಲ್ಲಿಸಲು ಬರೀ ಕಂಟ್ರೋಲ್. ಇನ್ಸರ್ಟ್ ಮತ್ತು ಕೆಳಬಾಣ ಒತ್ತಿದರೆ ಅಲ್ಲಿಂದ ಮುಂದಕ್ಕೆ ಓದುತ್ತ ಹೋಗುತ್ತದೆ. ವೆಬ್ ಪುಟದಲ್ಲಿ ಎಚ್ ಒತ್ತುತ್ತ ಹೋದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯಬಹುದು. ಇನ್ಸರ್ಟ್ ಜೊತೆ 1 ಒತ್ತಿದರೆ ಅಭ್ಯಾಸದ ಸ್ಥಿತಿ, ಆಗ ಯಾವ ಕೀಲಿ ಒತ್ತಿದರೂ ಅದರ ಕೆಲಸವೇನೆಂದು ಹೇಳುತ್ತದೆಯೇ ಹೊರತು ಏನೂ ಕೆಡುವುದಿಲ್ಲ. ಹೊಸಬರು ಎರಡು ದಿನ ಇದರಲ್ಲೇ ಕಳೆಯಲಿ.

ಕಾಲೇಜಿನ ಲ್ಯಾಬಿನಲ್ಲಿ ಹೊಸ ತಂತ್ರಾಂಶ ಹಾಕಲು ಬಿಡುವುದಿಲ್ಲ, ಬಿಡಬೇಕಾದವರು ರಜೆಯಲ್ಲಿರುತ್ತಾರೆ. ಇದಕ್ಕೆ ದಾರಿಯಿದೆ. ಎನ್‌ವಿಡಿಎ ಮೆನುವಿನ ಟೂಲ್ಸ್‌ನಲ್ಲಿ ಪೋರ್ಟಬಲ್ ಪ್ರತಿ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಪೆನ್‌ಡ್ರೈವ್‌ಗೆ ನಿರ್ಬಂಧವಿಲ್ಲದ ಯಾವ ಕಂಪ್ಯೂಟರಿನಲ್ಲಾದರೂ ಚುಚ್ಚಿ ನಿಮ್ಮದೇ ವೇಗ, ನಿಮ್ಮದೇ ಧ್ವನಿಯಲ್ಲಿ ಕೆಲಸ ಮಾಡಬಹುದು. ಇಯರ್‌ಫೋನ್ ಮರೆಯಬೇಡಿ.

ಇಂಟರ್‌ನೆಟ್ ಇದ್ದಾಗ ಇಂಪಾದ ಧ್ವನಿ ಬೇಕೆಂದರೆ ಎಡ್ಜ್ ಬ್ರೌಸರ್ ಬಳಸಿ. ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿದರೆ ಪುಟವನ್ನು ಗಟ್ಟಿಯಾಗಿ ಓದುತ್ತದೆ. ಅದರಲ್ಲಿ ಸಪ್ನಾ, ಗಗನ್ ಎಂಬ ಎರಡು ಕನ್ನಡ ಧ್ವನಿಗಳಿವೆ.

ಟೈಪ್ ಮಾಡುವ ಅಧ್ಯಾಪಕರಿಗೆ ಒಂದು ವಿನಂತಿ: ಶೀರ್ಷಿಕೆಯನ್ನು ಬರೀ ದಪ್ಪ ಅಕ್ಷರ ಮಾಡಿ ಬಿಡಬೇಡಿ, ವರ್ಡ್‌ನ ಹೆಡಿಂಗ್ ಶೈಲಿ ಹಾಕಿ. ಕೇಳುಗರಿಗೆ ದಪ್ಪ ಅಕ್ಷರ ಕಾಣುವುದಿಲ್ಲ; ಹೆಡಿಂಗ್ ಇದ್ದರೆ ಜಿಗಿಯಲು ಮೆಟ್ಟಿಲು ಸಿಗುತ್ತದೆ.

ನಕ್ಷೆಗೆ ದಾರ, ಫೆವಿಕಾಲ್

ಬೇಡಿಕೆ ರೇಖೆಯನ್ನು ಯಾವ ಯಂತ್ರವೂ ನೆಟ್ಟಗೆ ಓದದು. ಫೋಟೊ ವರ್ಣಿಸುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳಿವೆ, ಬಿ ಮೈ ಐಸ್ ಮತ್ತು ಸೀಯಿಂಗ್ ಎಐ ಚೆನ್ನಾಗಿಯೇ ಇವೆ. ಕೋಣೆಯಲ್ಲಿ ಏನಿದೆ, ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಹೇಳಿಸಿಕೊಳ್ಳಲು ಸರಿ. ನಕ್ಷೆಯ ವಿಷಯದಲ್ಲಿ ಮಾತ್ರ ಅವು ಇಲ್ಲದ ಬಿಂದುವನ್ನೂ ಧೈರ್ಯವಾಗಿ ಹೇಳಿಬಿಡುತ್ತವೆ.

ನಾನು ಮಾಡುವುದು ಹಳೆಯ ಕೆಲಸ. ಲಗ್ನಪತ್ರಿಕೆಯ ದಪ್ಪ ರಟ್ಟಿನ ಹಿಂಬದಿಗೆ ಫೆವಿಕಾಲ್‌ನಲ್ಲಿ ಅದ್ದಿದ ದಾರ ಅಂಟಿಸುತ್ತೇನೆ. ಅಕ್ಷಗಳಿಗೆ ತೆಳು ದಾರ, ರೇಖೆಗೆ ದಪ್ಪ ದಾರ, ಸಮತೋಲನ ಬಿಂದುವಿಗೆ ಒಂದು ಸಾಸಿವೆ ಕಾಳು. ಒಣಗಲು ಒಂದು ರಾತ್ರಿ. ಮರುದಿನ ಸವಣೂರಿನ ಹುಡುಗಿ ಬೆರಳಾಡಿಸಿ, "ಬೆಲೆ ಇಳಿದಂತೆ ರೇಖೆ ಬಲಕ್ಕೆ ಜಾರುತ್ತದೆ, ಅಲ್ಲವೇ ಸರ್?" ಎಂದಳು. ಆ ವಾಕ್ಯವನ್ನು ಕಣ್ಣಿರುವ ಅರವತ್ತು ಮಕ್ಕಳಿಂದ ಹೇಳಿಸಲು ನನಗೆ ಎರಡು ತರಗತಿ ಬೇಕಾಗಿತ್ತು.

ಕೋಷ್ಟಕಗಳನ್ನು ಫೋಟೊ ಮಾಡದೆ ವರ್ಡ್‌ನ ಟೇಬಲ್‌ನಲ್ಲೇ ಹಾಕಿ. ಕೋಶಗಳನ್ನು ಒಂದಕ್ಕೊಂದು ಬೆಸೆಯಬೇಡಿ, ಸ್ಕ್ರೀನ್ ರೀಡರ್ ದಾರಿ ತಪ್ಪುತ್ತದೆ.

ಕಿವಿ ಕೇಳದವರು, ಕೈ ಬರೆಯದವರು

ಶ್ರವಣದೋಷವಿರುವ ವಿದ್ಯಾರ್ಥಿಗಳಿಗೆ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಮೊದಲು ಹಾಕಿಕೊಳ್ಳಬೇಕಾದ ಆ್ಯಪ್. ಆಡಿದ ಮಾತನ್ನು ಆಗಲೇ ಪರದೆಯ ಮೇಲೆ ಬರೆಯುತ್ತದೆ, ಕನ್ನಡವೂ ಅದಕ್ಕೆ ಬರುತ್ತದೆ. ಫೋನು ಮೇಷ್ಟ್ರ ಮೇಜಿನ ಮೇಲೆಯೇ ಇದ್ದರೆ ವಾಸಿ, ಕೊನೆಯ ಬೆಂಚಿನಲ್ಲಿದ್ದರೆ ಅದು ಫ್ಯಾನಿನ ಸದ್ದನ್ನು ಕೇಳಿಸಿಕೊಳ್ಳುತ್ತದೆ. ನಾನು ಗ್ರಾಂಥಿಕ ಕನ್ನಡದಲ್ಲಿ ಪಾಠ ಹೇಳಿದಾಗ ಅಚ್ಚುಕಟ್ಟಾಗಿ ಬರೆದ ಆ್ಯಪ್, ನಡುವೆ ನಮ್ಮ ಧಾರವಾಡದ ಮಾತಿಗೆ ಇಳಿದ ಕೂಡಲೇ ಕ್ರಿಯಾಪದಗಳಲ್ಲಿ ಮುಗ್ಗರಿಸಿತು. ಅದು ಬರೆದದ್ದನ್ನು ತರಗತಿ ಮುಗಿದೊಡನೆ ನಕಲಿಸಿ ಉಳಿಸಿಕೊಳ್ಳಿ.

ಬರೆಯಲು, ಟೈಪ್ ಮಾಡಲು ಕಷ್ಟವಿರುವವರು ಗೂಗಲ್‌ನ ಕೀಬೋರ್ಡ್ ಆ್ಯಪ್ ಆದ ಜಿಬೋರ್ಡ್‌ನ ಮೈಕ್ ಗುರುತನ್ನು ಒತ್ತಿ ಕನ್ನಡದಲ್ಲೇ ಹೇಳಿ ಬರೆಸಬಹುದು. ವಿರಾಮ ಚಿಹ್ನೆಗಳನ್ನು ಆಮೇಲೆ ಕೈಯಿಂದ ಹಾಕಿ.

ಪುಸ್ತಕ ಮತ್ತು ಪುನರಾವರ್ತನೆ

ಸುಗಮ್ಯ ಪುಸ್ತಕಾಲಯ 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ. ಮುದ್ರಣ ಓದಲಾಗದವರಿಗೆ ಮಾತ್ರ ಸದಸ್ಯತ್ವ, ಶುಲ್ಕವಿಲ್ಲ. ಪಠ್ಯಪುಸ್ತಕ ಸಿಗದಿದ್ದರೂ ಆಕರ ಗ್ರಂಥಗಳು ಸಿಗುತ್ತವೆ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣವಾದ 'ಸ್ವಯಂ'ನ ಪಾಠಗಳನ್ನೂ ನೋಡಿ.

ನೆನಪಿಗಾಗಿ ಆ್ಯಂಕಿ ಎಂಬ ಚೀಟಿ ಆ್ಯಪ್ ಎಲ್ಲ ವಿದ್ಯಾರ್ಥಿಗಳಿಗೂ ಒಳ್ಳೆಯದು. ಆಂಡ್ರಾಯ್ಡ್‌ನಲ್ಲಿ ಉಚಿತ. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಮರೆತದ್ದನ್ನು ಬೇಗ, ನೆನಪಿದ್ದದ್ದನ್ನು ತಡವಾಗಿ ಮತ್ತೆ ಕೇಳುತ್ತದೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಓಡಾಡುವವರು ಜುಬಿಲಿ ಸರ್ಕಲ್ ಬರುವಷ್ಟರಲ್ಲಿ ಒಂದು ಅಧ್ಯಾಯದ ಚೀಟಿಗಳನ್ನು ಮುಗಿಸಬಹುದು. ಫೈಲುಗಳಿಗೆ 'ಹೊಸದು', 'ಹೊಸದು ಕೊನೆಯದು' ಎಂದೆಲ್ಲ ಹೆಸರಿಡಬೇಡಿ. ವಿಷಯ, ಘಟಕ, ಪಾಠ ಎಂಬ ಕ್ರಮದಲ್ಲಿ ಇಡಿ. ಕೇಳಿ ಹುಡುಕುವವರಿಗೆ ಹೆಸರಿನ ಮೊದಲ ಪದವೇ ಮುಖ್ಯ.

ಪರೀಕ್ಷೆಯ ಸಿದ್ಧತೆ

ಯುಡಿಐಡಿ ಕಾರ್ಡ್ (ವಿಕಲಚೇತನರ ರಾಷ್ಟ್ರೀಯ ಗುರುತಿನ ಚೀಟಿ) ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ನಿಮ್ಮ ಊರಿನ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕಂಡರೆ ಅರ್ಜಿ ತುಂಬಲು ನೆರವಾಗುತ್ತಾರೆ. ಲ್ಯಾಪ್‌ಟಾಪಿನಂಥ ಸಾಧನಗಳ ಯೋಜನೆ ಈ ವರ್ಷ ಏನಿದೆ ಎಂದು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 40 ಅಥವಾ ಹೆಚ್ಚು ವೈಕಲ್ಯವಿರುವವರಿಗೆ ಕನಿಷ್ಠ ಶೇಕಡಾ 5 ಸೀಟುಗಳ ಮೀಸಲಾತಿಯೂ ಇದೆ.

ಉತ್ತರ ಬರೆದುಕೊಡುವವರನ್ನು ಕಚೇರಿಯ ಭಾಷೆಯಲ್ಲಿ ಸ್ಕ್ರೈಬ್ ಎನ್ನುತ್ತಾರೆ. 2018ರ ಕೇಂದ್ರ ಮಾರ್ಗಸೂಚಿ ಗೊತ್ತುಮಾಡಿದ ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ. ಎಂದರೆ 3 ಗಂಟೆಯ ಪತ್ರಿಕೆಗೆ 4 ಗಂಟೆ. ವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆಯಿದ್ದರೂ ಬರೆಯಲು ನಿಜವಾದ ತೊಂದರೆಯಿರುವವರಿಗೆ ಸ್ಕ್ರೈಬ್ ನಿರಾಕರಿಸುವಂತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಸ್ಕ್ರೈಬ್ ಯಾರಿರಬೇಕು, ಎಷ್ಟು ಓದಿರಬೇಕು ಎಂಬ ನಿಯಮ ಬದಲಾಗುತ್ತಿರುತ್ತದೆ. ಆ ವರ್ಷದ ಸುತ್ತೋಲೆಯ ಪ್ರತಿಯನ್ನು ಪರೀಕ್ಷಾ ವಿಭಾಗದಿಂದ ಕೇಳಿ ಪಡೆಯಿರಿ. ಬಾಯಿಮಾತು ಸಾಲದು.

ಸ್ಕ್ರೈಬ್ ಸಿಕ್ಕ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಎರಡು ಸಲವಾದರೂ ಗಡಿಯಾರ ಇಟ್ಟು ಅಭ್ಯಾಸ ಮಾಡಿ. ಬರೆಸುವುದು ಬೇರೆಯೇ ವಿದ್ಯೆ. ಉತ್ತರ ಎಲ್ಲ ಗೊತ್ತಿದ್ದರೂ ಮೊದಲ ಅಭ್ಯಾಸದಲ್ಲಿ ನನ್ನ ವಿದ್ಯಾರ್ಥಿನಿ ಅರ್ಧ ಪತ್ರಿಕೆ ಮುಗಿಸಲಿಲ್ಲ. ಸ್ಕ್ರೈಬ್ ಬರೆಯುತ್ತಿರುವಾಗ ಸುಮ್ಮನೆ ಕಾಯುತ್ತಿದ್ದಳು. ಎರಡನೆಯ ಸಲ, ಒಂದು ವಾಕ್ಯ ಬರೆಯುತ್ತಿರುವಾಗಲೇ ಮುಂದಿನದನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದನ್ನು ಕಲಿತಳು. ನಕ್ಷೆಗೆ ಇಬ್ಬರೂ ಮಾತು ಗೊತ್ತುಮಾಡಿಕೊಂಡರು: "ಎಡ ಅಕ್ಷದ ತುದಿಯಿಂದ ಎರಡು ಬೆರಳು ಕೆಳಗೆ ಶುರುಮಾಡಿ, ಬಲಕ್ಕೆ ಇಳಿಸಿ." ಪ್ರಶ್ನೆಪತ್ರಿಕೆಯನ್ನು ಮೊದಲು ಪೂರ್ತಿ ಒಮ್ಮೆ ಓದಿಸಿಕೊಳ್ಳಬೇಕು, ಕೊನೆಯ 15 ನಿಮಿಷ ಬರೆದದ್ದನ್ನು ಓದಿಸಿ ಕೇಳಬೇಕು.

ಪರೀಕ್ಷೆಯ ಹಿಂದಿನ ಸಂಜೆ ಹಾಲ್ ಟಿಕೆಟ್, ಯುಡಿಐಡಿ ಕಾರ್ಡ್, ಸ್ಕ್ರೈಬ್‌ನ ಗುರುತಿನ ಚೀಟಿ ಜೋಡಿಸಿಡಿ. ಅನುಮತಿ ಪತ್ರದ ಮೂರು ಝೆರಾಕ್ಸ್ ಬೇಕು. ಒಂದನ್ನು ಕೇಂದ್ರದ ಮುಖ್ಯಸ್ಥರು ಇಟ್ಟುಕೊಳ್ಳುತ್ತಾರೆ, ಒಂದನ್ನು ಕೊಠಡಿಯ ಮೇಲ್ವಿಚಾರಕರು ಇಟ್ಟುಕೊಳ್ಳುತ್ತಾರೆ, ಮೂರನೆಯದು ಮರುದಿನ ಬೇರೆ ಮೇಲ್ವಿಚಾರಕರು ಬಂದು ಇದೆಲ್ಲ ಏನು ಎಂದು ಮೊದಲಿನಿಂದ ಕೇಳಿದಾಗ ಬೇಕಾಗುತ್ತದೆ.